ವಿಕಾರದ ಎಲೆ, ವಿಶೇಷದ ಎಲೆ: ಜಪಾನಿನ ಮೇಪಲ್ ಚಿಗುರನ್ನು ಓದಿದವರ ಚರಿತ್ರೆ

ಬೋನ್ಸಾಯ್ ಎಂದು ಜಗತ್ತು ಕರೆಯುವ ಜಪಾನಿನ ಕುಂಡಮರಗಳಲ್ಲಿ, ವಸಂತಕಾಲದಲ್ಲಿ ಬೆಳೆಗಾರನ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ಮೇಪಲ್ ಗಿಡದ ಮೇಲೆ. ಚಳಿಗಾಲವಿಡೀ ಬೋಳಾಗಿ ನಿಂತಿದ್ದ ಕೊಂಬೆಗಳ ಮೊಗ್ಗುಗಳು ಮಾರ್ಚ್ ಕೊನೆಯಿಂದ ಬಿರಿಯತೊಡಗಿ, ಐದೋ ಏಳೋ ಸೀಳುಗಳುಳ್ಳ ಎಲೆಗಳು ಜೋಡಿಜೋಡಿಯಾಗಿ ಬಿಚ್ಚಿಕೊಳ್ಳುತ್ತವೆ. ಆ ಕೆಲವೇ ವಾರಗಳಲ್ಲಿ ಎಲೆ ತಾಳುವ ಆಕಾರವೂ ಬಣ್ಣವೂ ಹಿಂದಿನ ವರ್ಷದ ಆರೈಕೆಯ ಲೆಕ್ಕವನ್ನು ಒಪ್ಪಿಸುತ್ತವೆ. ಮುರುಟಿದ, ಕುಗ್ಗಿದ ಅಥವಾ ಬಿಳಿಚಿಕೊಂಡ ಚಿಗುರನ್ನು ಕಂಡರೆ ರೋಗವೆಂದು ಶಂಕಿಸುವುದು ಇಂದು ಸಹಜ. ಆದರೆ ಇದೇ ಜಪಾನಿನಲ್ಲಿ ಹದಿನೇಳನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ, ಇಂತಹ ಎಲೆಗಳನ್ನು ಹುಡುಕಿ, ಹೆಸರಿಟ್ಟು, ಕಸಿ ಕಟ್ಟಿ, ಹೆಚ್ಚಿನ ಬೆಲೆಗೆ ಮಾರುವ ಒಂದು ಸಮೃದ್ಧ ಕಸುಬು ನಡೆಯುತ್ತಿತ್ತು. ಎಲೆಯ ವಿಕಾರವನ್ನು ಬೇನೆಯಾಗಿ ಕಾಣುವ ಕಣ್ಣು ಆ ಕಸುಬಿಗೆ ಸೇರಿಕೊಂಡದ್ದು ತಡವಾಗಿ. ಮೇಪಲ್ ಎಲೆಯ ಕಾಯಿಲೆಯನ್ನು ಪತ್ತೆಹಚ್ಚುವ ಇಂದಿನ ಕ್ರಮದಲ್ಲಿ ಈ ಎರಡೂ ಕಣ್ಣುಗಳು ಒಟ್ಟಿಗೆ ಕೆಲಸ ಮಾಡುತ್ತವೆ, ಹಾಗೂ ಹಳೆಯದು ಇಲ್ಲದೆ ಹೊಸದು ಪದೇಪದೇ ಎಡವುತ್ತದೆ.

ಬಣ್ಣಗೆಟ್ಟ ಎಲೆಯನ್ನು ಗಮನಿಸುವ ಅಭ್ಯಾಸ ಜಪಾನಿನಲ್ಲಿ ಬಹಳ ಹಳೆಯದು. ಎಂಟನೆಯ ಶತಮಾನದ ಕವನ ಸಂಕಲನವಾದ ಮಾನ್‌ಯೋಶೂವಿನಲ್ಲಿ, ಕ್ರಿ.ಶ. 752ರ ಬೇಸಿಗೆಯಲ್ಲಿ ಸಾಮ್ರಾಜ್ಞಿ ಕೋಕೆನ್ ರಚಿಸಿದಳೆಂದು ಹೇಳಲಾಗುವ ಒಂದು ಕಿರುಗವನವಿದ್ದು, ಶರತ್ಕಾಲ ಇನ್ನೂ ದೂರವಿರುವಾಗಲೇ ಹಳದಿಗೆ ತಿರುಗಿದ ಒಂದು ಕಾಡುಗಿಡ ಅದರ ವಸ್ತು. ಕವಿಗೆ ಅದು ಋತುವಿನ ವಿಸ್ಮಯ. ಸೇವಂತಿಗೆಯ ಕುಟುಂಬಕ್ಕೆ ಸೇರಿದ, ಯುಪಟೋರಿಯಂ ಎಂಬ ಕುಲದ ಆ ಗಿಡದ ಹಳದಿ ನರಗಳಿಗೆ ಕಾರಣ ಜೆಮಿನಿವೈರಸ್ ಗುಂಪಿನ ಒಂದು ವೈರಸ್ಸು ಮತ್ತು ಅದರ ಜೊತೆಗೇ ಸಾಗುವ ಒಂದು ಉಪಡಿಎನ್‌ಎ ತುಣುಕು ಎಂಬುದನ್ನು ಬ್ರಿಟನ್ ಮತ್ತು ಜಪಾನಿನ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು. ಸಸ್ಯದ ವೈರಸ್ ರೋಗವೊಂದರ ಅತ್ಯಂತ ಹಳೆಯ ಲಿಖಿತ ದಾಖಲೆಯೆಂದು ಆ ಪದ್ಯ ಈಗ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆದಿದೆ. ಬಿಳಿನೊಣದಿಂದ ಹರಡುವ ಈ ವೈರಸ್ಸಿನ ಬಳಗ ಕರ್ನಾಟಕದ ರೈತನಿಗೆ ಹೊಸದೇನಲ್ಲ. ಟೊಮೆಟೊ ಗಿಡದ ಎಲೆಮುದುರು ರೋಗ, ಬೆಂಡೆಯ ಹಳದಿ ನರದ ರೋಗ ಎರಡನ್ನೂ ತರುವುದು ಅದೇ ಬಳಗ, ಮತ್ತು ಅದರ ಸದಸ್ಯ ವೈರಸ್ಸೊಂದಕ್ಕೆ ಬೆಂಗಳೂರಿನ ಹೆಸರನ್ನೇ ಇಡಲಾಗಿದೆ. ಕೋಲಾರದ ಹೊಲದಲ್ಲಿ ನಷ್ಟವಾಗಿ ಕಾಣುವುದು ಜಪಾನಿನ ಅರಮನೆಯ ಬಳಗಕ್ಕೆ ಕಾವ್ಯವಾಗಿ ಕಂಡದ್ದರಲ್ಲಿ ಅಚ್ಚರಿಪಡುವಂಥದ್ದು ಹೆಚ್ಚೇನಿಲ್ಲ. ಕಾಡುಗಿಡದಿಂದ ಯಾರ ಹೊಟ್ಟೆಯೂ ತುಂಬಬೇಕಾಗಿರಲಿಲ್ಲ.

ಈ ನೋಟವನ್ನು ವ್ಯಾಪಾರವಾಗಿ ಬೆಳೆಸಿದವರು ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ಅಂಚಿನಲ್ಲಿದ್ದ ಸೊಮೆಇ ಎಂಬ ಹಳ್ಳಿಯ ನರ್ಸರಿಗಾರರು. ತೋಕುಗಾವ ಆಡಳಿತದಲ್ಲಿ ನಾಡಿನ ಸಾಮಂತರೆಲ್ಲ ಎದೊದಲ್ಲಿ ಮನೆಮಾಡಬೇಕಾಗಿದ್ದರಿಂದ ನಗರದ ತುಂಬ ಅವರ ಉದ್ಯಾನಗಳು ಎದ್ದವು, ಉದ್ಯಾನಗಳಿಗೆ ಗಿಡ ಒದಗಿಸುವ ಕುಟುಂಬಗಳು ಹೊರವಲಯದಲ್ಲಿ ನೆಲೆನಿಂತವು. ತೋದೊ ಎಂಬ ಸಾಮಂತ ಮನೆತನದ ತೋಟದ ಕೆಲಸದಿಂದ ಮೇಲೆ ಬಂದ ಇತೊ ಇಹೆಇ ಮನೆತನ ಇವುಗಳಲ್ಲಿ ಪ್ರಸಿದ್ಧವಾದುದು. ತಲೆಮಾರಿನಿಂದ ತಲೆಮಾರಿಗೆ ಇಹೆಇ ಎಂಬ ಅದೇ ಹೆಸರನ್ನು ಮನೆಯ ಯಜಮಾನರು ಧರಿಸುತ್ತಿದ್ದರು. ಅವರಲ್ಲಿ ಸನ್ನೊಜೊ ಎಂಬುವನು 1695ರಲ್ಲಿ ‘ಕದಾನ್ ಚಿಕಿನ್‌ಶೋ’ ಎಂಬ ಗಿಡಗಳ ಕೈಪಿಡಿಯನ್ನು ಅಚ್ಚು ಹಾಕಿಸಿದ, ಅವನ ಮಗ ಮಸತಾಕೆ 1710ರಲ್ಲಿ ಅದನ್ನು ವಿಸ್ತರಿಸಿ ಮೂವತ್ತಕ್ಕೂ ಹೆಚ್ಚು ಮೇಪಲ್ ತಳಿಗಳನ್ನು ಹೆಸರಿಸಿ ವಿವರಿಸಿದ, ಆಮೇಲಿನ ಸಂಪುಟಗಳಲ್ಲಿ ಆ ಪಟ್ಟಿ ಇನ್ನೂ ಬೆಳೆಯಿತು. ಕೊಳ್ಳುವವನ ಕೈಗೆ ತಳಿಯ ಹೆಸರಿನೊಂದಿಗೆ ಎಲೆಯ ಚಿತ್ರವನ್ನೂ ಒದಗಿಸಿದ ಇಂತಹ ಪುಸ್ತಕಗಳು ಮೇಲ್ನೋಟಕ್ಕೆ ವ್ಯಾಪಾರದ ಜಾಹೀರಾತುಗಳೇ. ಆದರೂ ಯಾವ ಮರದ ಎಲೆ ಹೇಗಿರಬೇಕು ಎಂಬ ಮಾನದಂಡವನ್ನು ಮೊದಲು ಬರಹಕ್ಕಿಳಿಸಿದ್ದು ಅವೇ, ಹಾಗೂ ಅಂತಹ ಮಾನದಂಡವಿಲ್ಲದೆ ಯಾವ ಎಲೆಯನ್ನೂ ವಿಕಾರವೆಂದು ಕರೆಯಲು ಬರುವುದಿಲ್ಲ.

ಸಂಗ್ರಾಹಕರು ಮೆಚ್ಚಿದ ಎಲೆಗಳು ಎಂಥವು ಎಂಬುದನ್ನು ಇಂದಿಗೂ ಬೆಳೆಯುತ್ತಿರುವ ತಳಿಗಳಿಂದಲೇ ಊಹಿಸಬಹುದು. ಶಿಶಿಗಶಿರ ಎಂಬ ತಳಿಯ ಎಲೆಗಳು ಸುಕ್ಕುಗಟ್ಟಿ ಕೊಂಬೆಯ ತುದಿಯಲ್ಲಿ ಒತ್ತೊತ್ತಾಗಿ ಗುಂಪುಗೂಡುತ್ತವೆ. ಗಿಡಹೇನಿನ ಕಾಟಕ್ಕೆ ಸಿಕ್ಕಿದ ಕೊಂಬೆಯೆಂದು ಅದನ್ನು ಅರಿಯದವರು ತಿಳಿದರೆ ತಪ್ಪೆನ್ನುವಂತಿಲ್ಲ. ಒಕುಶಿಮೊ ಎಂಬುದರ ಎಲೆಯನ್ನು ಅಂಗೈಯಲ್ಲಿಟ್ಟು ನೋಡಿದರೆ ಪ್ರತಿಯೊಂದು ಸೀಳಿನ ಎರಡೂ ಅಂಚುಗಳು ಮೇಲಕ್ಕೆ ಸುರುಳಿಗೊಂಡು ತುದಿ ಸೂಜಿಯಂತೆ ಚೂಪಾಗಿರುತ್ತದೆ, ಮುಟ್ಟಿದರೆ ಬಿರುಸು ಹತ್ತುತ್ತದೆ. ನೀರಿನ ಕೊರತೆಯಿಂದ ಬಾಡಿದ ಎಲೆಯೂ ಹೆಚ್ಚುಕಡಿಮೆ ಹೀಗೆಯೇ ಸುತ್ತಿಕೊಳ್ಳುತ್ತದೆ. ಉಕಿಗುಮೊ ತಳಿಯ ವಸಂತದ ಎಲೆಯ ಮೇಲೆ ಬಿಳಿ ಮತ್ತು ನಸುಗೆಂಪು ಚುಕ್ಕೆಗಳು ಚೆಲ್ಲಿರುತ್ತವೆ, ಕತ್ಸುರ ಹಳದಿ ಮತ್ತು ಕಿತ್ತಳೆಯ ನಡುವಿನ ಬಣ್ಣದಲ್ಲಿ ಚಿಗುರುತ್ತದೆ, ದೆಶೊಜೊ ಉರಿಗೆಂಪಾಗಿ ಬಂದು ಬೇಸಿಗೆಗೆ ಹಸಿರಾಗುತ್ತದೆ. ಎಲ್ಲಕ್ಕಿಂತ ಮೋಸಗೊಳಿಸುವಂಥದ್ದು ಶಿಗಿತತ್ಸುಸವ. ಅದರ ಎಲೆಯ ಹಾಳೆ ಬಿಳಿಚಿದ ಹಳದಿ, ನರಗಳು ಮಾತ್ರ ಕಡುಹಸಿರು. ಕಬ್ಬಿಣದ ಅಂಶದ ಕೊರತೆಯಾದ ಎಲೆಯ ವರ್ಣನೆ ಯಾವ ಕೃಷಿ ಪುಸ್ತಕದಲ್ಲಿದ್ದರೂ ಇದಕ್ಕೆ ಅಕ್ಷರಶಃ ಹೊಂದುತ್ತದೆ.

ಈ ಬಗೆಯ ವೈವಿಧ್ಯವನ್ನು ಎದುರಿಸಿದ ಯುರೋಪಿಯನ್ ಸಸ್ಯವಿಜ್ಞಾನಿ ಗೊಂದಲಕ್ಕೊಳಗಾದುದು ಸಹಜವೇ. ಸ್ವೀಡನ್ನಿನ ಕಾರ್ಲ್ ಪೀಟರ್ ಥುನ್‌ಬೆರ್ಗ್ 1775–76ರಲ್ಲಿ ಡಚ್ ಕಂಪನಿಯ ವೈದ್ಯನಾಗಿ ನಾಗಸಾಕಿಯ ದೆಜಿಮ ದ್ವೀಪದಲ್ಲಿದ್ದು, 1784ರಲ್ಲಿ ಪ್ರಕಟಿಸಿದ ತನ್ನ ಜಪಾನಿನ ಸಸ್ಯಸಂಪತ್ತಿನ ಗ್ರಂಥದಲ್ಲಿ ಈ ಮರಕ್ಕೆ ಏಸರ್ ಪಾಮೇಟಂ ಎಂಬ ಇಂದಿನ ವೈಜ್ಞಾನಿಕ ಹೆಸರನ್ನು ಕೊಟ್ಟ. ಅದೇ ಗ್ರಂಥದಲ್ಲಿ, ಎಲೆ ದಾರದಂತೆ ಸೀಳಿದ ತೋಟದ ರೂಪವನ್ನು ಏಸರ್ ಡಿಸೆಕ್ಟಂ ಎಂದು ಬೇರೆಯೇ ಪ್ರಭೇದವಾಗಿ ಆತ ವರ್ಣಿಸಿದ, ಮುಂದಿನವರು ಅದನ್ನು ಮೊದಲಿನದರ ಒಂದು ತೋಟದ ಬಗೆಯೆಂದು ಇಳಿಸಿದರು. ಸೊಮೆಇಯ ಮಾಲಿಗಳಿಗೆ ಗೊತ್ತಿದ್ದ ಸಂಗತಿ ಲಿನೇಯಸನ ಶಿಷ್ಯನಾದ ಥುನ್‌ಬೆರ್ಗನಿಗೆ ಗೊತ್ತಿರಲಿಲ್ಲ ಎನ್ನಬಹುದು, ಅಷ್ಟೆ.

ಬಣ್ಣಗೆಟ್ಟ ಎಲೆಯ ಮೋಹ ತನ್ನ ತುದಿ ಮುಟ್ಟಿದ್ದು 1820ರ ದಶಕದಲ್ಲಿ. ಕಿಂತ ಎಂಬ ನರ್ಸರಿಗಾರ 1827ರಲ್ಲಿ ವಿಲಕ್ಷಣ ಗಿಡಗಳ ಚಿತ್ರಪುಸ್ತಕವೊಂದನ್ನು ತಂದರೆ, ಮಿಜುನೊ ತದತೊಶಿ ಎಂಬ ಸಾಮುರಾಯಿ 1829ರಲ್ಲಿ ‘ಸೊಮೊಕು ಕಿನ್‌ಯೊಶೂ’ ಎಂಬ ಏಳು ಸಂಪುಟಗಳ ಗ್ರಂಥದಲ್ಲಿ ಬಿಳಿ, ಹಳದಿ ಪಟ್ಟೆಗಳ ಎಲೆಯುಳ್ಳ ಸುಮಾರು ಸಾವಿರ ಸಸ್ಯರೂಪಗಳನ್ನು ಚಿತ್ರಸಹಿತ ದಾಖಲಿಸಿದ. ಇಂತಹ ಒಂದು ಕೊಂಬೆ ಮರದಲ್ಲಿ ಕಾಣಿಸಿಕೊಂಡರೆ ನರ್ಸರಿಗಾರ ಮಾಡುತ್ತಿದ್ದ ಪರೀಕ್ಷೆ ಸರಳವಾಗಿತ್ತು: ಅದನ್ನು ಬೇರೆ ಬುಡಕ್ಕೆ ಕಸಿ ಕಟ್ಟುವುದು, ವಸಂತದಿಂದ ವಸಂತಕ್ಕೆ ಕಾಯುವುದು, ಗುಣ ಉಳಿದರೆ ಹೆಸರಿಡುವುದು. ಮರುವರ್ಷ ಹಸಿರಿಗೆ ಮರಳಿದ ಕೊಂಬೆಯನ್ನು ಸವರಿಹಾಕುವುದೂ ಈ ಕಸುಬಿನ ಭಾಗವೇ ಆಗಿತ್ತು, ಏಕೆಂದರೆ ಪತ್ರಹರಿತ್ತು, ಎಂದರೆ ಎಲೆಗೆ ಆಹಾರ ತಯಾರಿಸುವ ಶಕ್ತಿ ಕೊಡುವ ಹಸಿರು ದ್ರವ್ಯ, ತುಂಬಿರುವ ಕೊಂಬೆ ಪಟ್ಟೆಯೆಲೆಯ ಕೊಂಬೆಗಿಂತ ಬಿರುಸಾಗಿ ಬೆಳೆದು ಅದನ್ನು ನುಂಗಿಬಿಡುತ್ತದೆ.

ಈ ಪರೀಕ್ಷೆಯಲ್ಲಿ ಅಡಗಿದ್ದ ದೋಷವೇ ಮುಂದೆ ವಿಜ್ಞಾನಕ್ಕೆ ದಾರಿಯಾಯಿತು. ಸ್ಕಾಟ್ಲೆಂಡಿನ ಸಸ್ಯಾನ್ವೇಷಕ ರಾಬರ್ಟ್ ಫಾರ್ಚೂನ್ 1860–61ರಲ್ಲಿ ಎದೊಗೆ ಬಂದು ಸೊಮೆಇಯ ನರ್ಸರಿಗಳ ವಿಸ್ತಾರವನ್ನು ಕಂಡು ಬೆರಗಾದ, 1863ರಲ್ಲಿ ಅದರ ವೃತ್ತಾಂತವನ್ನು ಪ್ರಕಟಿಸಿದ, ಬರುವಾಗ ಚಿನ್ನದ ಬಲೆ ಹೊದ್ದಂತಿರುವ ಎಲೆಯ ಹನಿಸಕಲ್ ಬಳ್ಳಿಯೊಂದನ್ನು ಬ್ರಿಟನ್ನಿಗೆ ಪರಿಚಯಿಸಿದ. ಆ ಬಳ್ಳಿಯ ಚಿನ್ನದ ನರಗಳಿಗೆ ಕಾರಣ ವೈರಸ್ಸು ಎಂಬುದು ಶತಮಾನದ ನಂತರ ತಿಳಿಯಿತು. ಅದು ಕೋಕೆನ್ ಕಂಡ ಗಿಡದ ವೈರಸ್ಸಿನ ಸಮೀಪದ ಬಂಧು. ಫಾರ್ಚೂನನ ಬಳ್ಳಿ ಬಂದ ಕೆಲವೇ ವರ್ಷಗಳಲ್ಲಿ, 1868ರಲ್ಲಿ, ವೆಸ್ಟ್ ಇಂಡೀಸಿನಿಂದ ಇಂಗ್ಲೆಂಡಿಗೆ ಬಂದ ಚುಕ್ಕೆಯೆಲೆಯ ಅಬುಟಿಲಾನ್ ಗಿಡದ ರೆಂಬೆಯನ್ನು ಹಸಿರು ಗಿಡಕ್ಕೆ ಕಸಿ ಮಾಡಿದರೆ ಬುಡದ ಗಿಡವೂ ಚುಕ್ಕೆಯಾಗುವುದನ್ನು ಯುರೋಪಿನ ತೋಟಗಾರರು ಗಮನಿಸಿದರು. ಜರ್ಮನಿಯ ಎರ್ವಿನ್ ಬೌರ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇದನ್ನು ಅಂಟುರೋಗವೆಂದೇ ಸಾಧಿಸಿದ. ಅದೇ ಬೌರ್ 1909ರಲ್ಲಿ, ಜೆರೇನಿಯಂ ಗಿಡದ ಬಿಳಿಯಂಚಿನ ಎಲೆ ರೋಗವಲ್ಲ, ಬೆಳವಣಿಗೆಯ ತುದಿಯಲ್ಲಿ ಹಸಿರು ಮತ್ತು ಬಿಳಿ ಜೀವಕೋಶಗಳ ಪದರಗಳು ಒಂದರ ಮೇಲೊಂದು ಕೂಡಿರುವ ಜೋಡಿದೇಹ ಎಂದು ತೋರಿಸಿದ. ಇಂತಹ ಜೋಡಿದೇಹವನ್ನು ಕೈಮೆರಾ ಎನ್ನುತ್ತಾರೆ. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಎರಡು ಎಲೆಗಳಲ್ಲಿ ಒಂದು ಸೋಂಕು, ಇನ್ನೊಂದು ರಚನೆ ಎಂಬ ಭೇದವನ್ನು ಒಬ್ಬನೇ ವಿಜ್ಞಾನಿ ಎರಡೂ ಕಡೆಯಿಂದ ಬಿಡಿಸಿದ್ದು ಸಸ್ಯವಿಜ್ಞಾನದ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಪ್ರಚಾರ ಪಡೆದಿಲ್ಲ. ಎದೊದ ನರ್ಸರಿಗಾರನ ಪರೀಕ್ಷೆಗೆ ಈ ಭೇದ ತಿಳಿಯುವಂತಿರಲಿಲ್ಲ, ಏಕೆಂದರೆ ಕಸಿಯಲ್ಲಿ ಕೈಮೆರಾವೂ ಉಳಿಯುತ್ತದೆ, ವೈರಸ್ಸೂ ಉಳಿಯುತ್ತದೆ.

ಜಪಾನಿನಲ್ಲಿ ಎಲೆಯ ವಿಕಾರ ಕಾಯಿಲೆಯ ಪಟ್ಟಿಗೆ ಸೇರಿದ್ದು ಉದ್ಯಾನದಿಂದಲ್ಲ, ಗದ್ದೆಯಿಂದ. ಶಿಗ ಪ್ರಾಂತ್ಯದ ರೈತ ಹಾಶಿಮೊತೊ ಹತ್ಸುಜೊ 1894ರ ಸುಮಾರಿಗೆ, ಭತ್ತದ ಪೈರು ಕುಳ್ಳಾಗಿ ಎಲೆಯ ಮೇಲೆ ಬಿಳಿ ಚುಕ್ಕೆ ಮೂಡುವುದಕ್ಕೂ ಜಿಗಿಹುಳಕ್ಕೂ ನಂಟಿದೆಯೆಂದು ತನ್ನ ಪ್ರಯೋಗಗಳಿಂದ ಕಂಡುಕೊಂಡ. ಟೋಕಿಯೊದ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ 1906ರಲ್ಲಿ ಸಸ್ಯರೋಗ ಶಾಸ್ತ್ರದ ಪೀಠ ಆರಂಭವಾದಾಗ ಅದರ ಪ್ರಾಧ್ಯಾಪಕನಾದ ಶಿರಾಯಿ ಮಿತ್ಸುತರೊ 1916ರಲ್ಲಿ ಜಪಾನಿನ ಸಸ್ಯರೋಗ ಸಂಘವನ್ನೂ ಕಟ್ಟಿದ. ಶಿರಾಯಿ ವಿಶೇಷ ವ್ಯಕ್ತಿ: ಶಿಲೀಂಧ್ರಗಳನ್ನು ಸೂಕ್ಷ್ಮದರ್ಶಕದಡಿ ನೋಡುವಷ್ಟೇ ಶ್ರದ್ಧೆಯಿಂದ ಎದೊ ಕಾಲದ ಸಸ್ಯಗ್ರಂಥಗಳನ್ನು ಕೊಂಡು ಕೂಡಿಟ್ಟ, ಅವುಗಳ ಕಾಲಾನುಕ್ರಮದ ಚರಿತ್ರೆಯನ್ನೂ ಬರೆದ, ಮತ್ತು ಆ ಪುಸ್ತಕ ಸಂಗ್ರಹ ಈಗ ಜಪಾನಿನ ರಾಷ್ಟ್ರೀಯ ಸಂಸತ್ ಗ್ರಂಥಾಲಯದಲ್ಲಿದೆ. ವಿಶೇಷದ ಎಲೆಯನ್ನು ಕೊಂಡಾಡಿದ ಪರಂಪರೆಯೂ ವಿಕಾರದ ಎಲೆಯನ್ನು ಶಂಕಿಸುವ ಶಾಸ್ತ್ರವೂ ಹೀಗೆ ಒಂದೇ ಮೇಜಿನ ಮೇಲೆ ಕೂಡಿದವು. ಸುಮಾರು ಅದೇ ವರ್ಷಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಶೋಧಿಸುತ್ತಿದ್ದ. ಏಷ್ಯಾದ ಹಲವೆಡೆ ಸಸ್ಯರೋಗ ಶಾಸ್ತ್ರ ಸರ್ಕಾರದ ಇಲಾಖೆಯಾಗಿ ರೂಪುಗೊಂಡ ಹೊತ್ತು ಅದು.

ರಫ್ತಿನ ವ್ಯಾಪಾರ ಈ ಬದಲಾವಣೆಗೆ ಕಾನೂನಿನ ಬಲ ಕೊಟ್ಟಿತು. ಯೊಕೊಹಾಮ ನರ್ಸರಿ ಕಂಪನಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಿಂದ ಬಣ್ಣದ ಚಿತ್ರಗಳುಳ್ಳ ಪಟ್ಟಿಗಳ ಮೂಲಕ ಮೇಪಲ್ ಮತ್ತು ಕುಂಡಮರಗಳನ್ನು ಅಮೆರಿಕ, ಯುರೋಪುಗಳಿಗೆ ಕಳಿಸುತ್ತಿತ್ತು. ಅಮೆರಿಕದ ರಾಯಭಾರಿಯಾಗಿದ್ದ ಲಾರ್ಜ್ ಆಂಡರ್ಸನ್ ತಾಯ್ನಾಡಿಗೆ ಮರಳುವಾಗ, 1913ರಲ್ಲಿ, ಸುಮಾರು ನಲವತ್ತು ಕುಂಡಮರಗಳನ್ನು ಕೊಂಡದ್ದೂ ಇಲ್ಲಿಂದಲೇ, ಹಾಗೂ ಅವುಗಳಲ್ಲಿ ಉಳಿದವು ಇಂದು ಬಾಸ್ಟನ್ನಿನ ಆರ್ನಾಲ್ಡ್ ಸಸ್ಯವನದಲ್ಲಿವೆ. ಅದಕ್ಕೆ ಮೂರು ವರ್ಷ ಮೊದಲು ಟೋಕಿಯೊ ನಗರ ವಾಷಿಂಗ್ಟನ್ನಿಗೆ ಉಡುಗೊರೆಯಾಗಿ ಕಳಿಸಿದ ಎರಡು ಸಾವಿರ ಚೆರ್ರಿ ಗಿಡಗಳಲ್ಲಿ ಕೀಟ, ಜಂತುಹುಳು ಮತ್ತು ರೋಗಗಳನ್ನು ಪರೀಕ್ಷಕರು ಪತ್ತೆಮಾಡಿದ್ದರಿಂದ 1910ರ ಜನವರಿ 28ರಂದು ಅವನ್ನು ಸುಟ್ಟುಹಾಕಲಾಯಿತು, 1912ರಲ್ಲಿ ಎಚ್ಚರದಿಂದ ಬೆಳೆಸಿದ ಮೂರು ಸಾವಿರ ಚಿಲ್ಲರೆ ಹೊಸ ಗಿಡಗಳು ಹೋದವು. ಅದೇ ವರ್ಷ ಅಮೆರಿಕ ಸಸ್ಯ ಕ್ವಾರಂಟೈನ್ ಕಾಯಿದೆಯನ್ನು ತಂದಿತು, 1919ರ ನಿಯಮ ಬೇರಿಗೆ ಮಣ್ಣಂಟಿಕೊಂಡ ಗಿಡಗಳ ಆಮದನ್ನು ಹೆಚ್ಚುಕಡಿಮೆ ನಿಲ್ಲಿಸಿತು. ಮಣ್ಣಿಲ್ಲದ ಕುಂಡಮರ ಎಂದರೆ ಬದುಕುವ ಭರವಸೆ ಕಡಿಮೆಯಾದ ಮರ. ಎಲೆಯ ಮೇಲಿನ ಒಂದು ಕಲೆ ಈಗ ಬಂದರಿನ ಅಧಿಕಾರಿ ಓದುವ ಸಾಕ್ಷ್ಯವಾಯಿತು, ಅವನ ಓದಿನಲ್ಲಿ ವಿಶೇಷಕ್ಕೆ ಜಾಗ ಇರಲಿಲ್ಲ.

ಬೋನ್ಸಾಯ್ ಬೆಳೆಗಾರರ ಓದು ಇನ್ನೊಂದು ಬಗೆಯಲ್ಲಿ ಹದಗೊಂಡಿತು. ಟೋಕಿಯೊದ ದಂಗೊಜಕ ಸುತ್ತಮುತ್ತಲ ಕುಂಡಮರದ ಕಸುಬುದಾರರು 1923ರ ಮಹಾ ಭೂಕಂಪದ ನಂತರ, ಒಳ್ಳೆಯ ಮಣ್ಣು, ನೀರು, ಗಾಳಿಯನ್ನು ಅರಸಿ ಉತ್ತರದ ಓಮಿಯಕ್ಕೆ ಹೊರಟು 1925ರಲ್ಲಿ ಅಲ್ಲಿ ಬೋನ್ಸಾಯ್ ಹಳ್ಳಿಯನ್ನು ಕಟ್ಟಿದರು. ಅಲ್ಲಿ ನೆಲೆಸುವವನ ಬಳಿ ಹತ್ತಾದರೂ ಕುಂಡಮರಗಳಿರಬೇಕು, ಮನೆಗೆ ಎರಡನೆಯ ಮಹಡಿ ಇರಬಾರದು, ಬೇಲಿ ಸಸ್ಯದ್ದಾಗಿರಬೇಕು, ತೋಟ ಎಲ್ಲರಿಗೂ ತೆರೆದಿರಬೇಕು ಎಂಬ ಕಟ್ಟಳೆಗಳನ್ನು ಮಾಡಿಕೊಂಡರು. ಕಾಂತೊ ಬಯಲಿನ ಜ್ವಾಲಾಮುಖಿ ಬೂದಿಯಿಂದಾದ ಅಕದಮ ಎಂಬ ಕೆಂಪು ಹರಳುಮಣ್ಣು ತುಸು ಆಮ್ಲೀಯ, ಅಲ್ಲಿನ ನೀರು ಮೆದು. ಆದ್ದರಿಂದ ಎಲೆ ಬಿಳಿಚುವ ಕಬ್ಬಿಣದ ಕೊರತೆ, ಅದನ್ನು ಕ್ಲೋರೋಸಿಸ್ ಎನ್ನುತ್ತಾರೆ, ಜಪಾನಿನಲ್ಲಿ ದೊಡ್ಡ ಸಮಸ್ಯೆಯಾಗಲಿಲ್ಲ. ಸುಣ್ಣದ ನೆಲದಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಟುಕದ ಈ ಸ್ಥಿತಿಗೆ ಕಬ್ಬಿಣದ ಲವಣ ಮದ್ದಾಗುತ್ತದೆಂದು ಫ್ರಾನ್ಸಿನ ಯೂಜೆಬ್ ಗ್ರಿ 1840ರ ದಶಕದಲ್ಲೇ ತೋರಿಸಿದ್ದ, ಮತ್ತು ಯುರೋಪಿನ ಗಡಸು ನೀರಿನ ಊರುಗಳಲ್ಲಿ ಮೇಪಲ್ ಬೆಳೆಸುವವರಿಗೆ ಇಂದಿಗೂ ಮೊದಲು ನೆನಪಾಗುವ ರೋಗ ಅದೇ. ಬೋರ್‌ವೆಲ್ ನೀರಿನ ಬೆಂಗಳೂರಿನಲ್ಲಿ ಈ ಪ್ರಶ್ನೆ ಏಳುವ ಮೊದಲೇ ಮೇಪಲ್ ಸೋಲುತ್ತದೆ, ಏಕೆಂದರೆ ಮೊಗ್ಗು ಸರಿಯಾಗಿ ಬಿರಿಯಲು ಬೇಕಾದ ಚಳಿಯ ವಿಶ್ರಾಂತಿ ಅಲ್ಲಿ ಸಿಗುವುದಿಲ್ಲ. ಮೈಸೂರಿನ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟದಂತಹ ಕಡೆ ಕುಂಡಮರದ ಕಲೆ ಈ ಹವೆಗೆ ಒಗ್ಗುವ ಮರಗಳನ್ನು ಅವಲಂಬಿಸಿದ್ದು ಅದಕ್ಕೇ.

ಮೇಪಲ್ ಮೊಗ್ಗಿನೊಳಗೆ ಮೊದಲ ಎಲೆಜೋಡಿಗಳು ಹಿಂದಿನ ಬೇಸಿಗೆಯಲ್ಲೇ ರೂಪುಗೊಂಡು ಮಡಿಚಿಕೊಂಡಿರುತ್ತವೆ, ಆಮೇಲಿನವು ವಸಂತದಲ್ಲಿ ಹೊಸದಾಗಿ ಹುಟ್ಟುತ್ತವೆ. ವಸಂತದ ಪರೀಕ್ಷೆಯ ಮರ್ಮವೆಲ್ಲ ಇಲ್ಲಿದೆ. ಮೊದಲ ಜೋಡಿ ಸುಕ್ಕಾಗಿ, ಎರಡನೆಯ ಮೂರನೆಯ ಜೋಡಿಗಳು ನೇರವಾಗಿ ಬಂದರೆ ಪೆಟ್ಟು ಬಿದ್ದು ಆಗಿಹೋಗಿದೆ, ಬಹುಮಟ್ಟಿಗೆ ತಡವಾದ ಇಬ್ಬನಿ ಹಿಮದಿಂದ. ಜಪಾನಿನ ಪಂಚಾಂಗ ವಸಂತಾರಂಭದಿಂದ ಎಂಬತ್ತೆಂಟನೆಯ ರಾತ್ರಿಯನ್ನು, ಅಂದರೆ ಮೇ ಮೊದಲ ವಾರವನ್ನು, ಇಬ್ಬನಿ ಹಿಮದ ಬೀಳ್ಕೊಡುಗೆಯಾಗಿ ಎಣಿಸುತ್ತದೆ. ಇಲ್ಲಿನ ರೈತ ಮಳೆನಕ್ಷತ್ರಗಳನ್ನು ಎಣಿಸುವಂತೆ ಅಲ್ಲಿನ ಬೆಳೆಗಾರ ಆ ರಾತ್ರಿಯವರೆಗೆ ಕುಂಡಗಳನ್ನು ಮಾಡಿನ ಕೆಳಗೆ ಸರಿಸುತ್ತಾನೆ. ಪ್ರತಿ ಹೊಸ ಜೋಡಿಯೂ ಹಿಂದಿನದಕ್ಕಿಂತ ಹೆಚ್ಚು ಮುರುಟುತ್ತ ಹೋದರೆ ಕಾರಣ ಇನ್ನೂ ಗಿಡದ ಮೇಲೇ ಇದೆ. ಎಲೆಯನ್ನು ಮಗುಚಿದಾಗ ನರದ ಗುಂಟ ಗಿಡಹೇನುಗಳು, ಕೆಳಗಿನ ಎಲೆಯ ಮೇಲೆ ಅಂಟಂಟು ಸಿಹಿದ್ರವ, ಕಾಂಡದಲ್ಲಿ ಇರುವೆಯ ಸಾಲು ಕಂಡರೆ ಬೇರೆ ಸಾಕ್ಷಿ ಬೇಡ. ನೆರಳಿನಲ್ಲಿ, ಗಾಳಿಯಾಡದ ಕಡೆ ಎಲೆ ಸುರುಳಿಗೊಂಡು ಹಿಟ್ಟು ಸಿಂಪಡಿಸಿದಂತಾದರೆ ಅದು ಬೂದಿರೋಗ. ಮೇಪಲ್ ಬಳಗಕ್ಕೇ ಅಂಟುವ ಆ ಶಿಲೀಂಧ್ರದ ಕುಲಕ್ಕೆ ತೈವಾನಿನಲ್ಲಿ ಕೆಲಸ ಮಾಡಿದ ಸವದ ಎಂಬ ಜಪಾನಿ ತಜ್ಞನ ಹೆಸರಿದೆ. ಚಿಕ್ಕ ಕೆಂಪು ಗುಳ್ಳೆಗಳು ಎದ್ದರೆ ಕಣ್ಣಿಗೆ ಕಾಣದ ನುಸಿಯ ಕೆಲಸ, ಮರಕ್ಕೆ ಅದರಿಂದ ದೊಡ್ಡ ತೊಂದರೆಯಿಲ್ಲ.

ತೇವದ ತಂಪು ವಸಂತದಲ್ಲಿ ಚಿಗುರು ತುದಿಯಿಂದ ಕಪ್ಪಾಗಿ ಕೆಳಗಿಳಿಯುವ ಬೇನೆಯ ಕಥೆ ತುಸು ತೊಡಕಿನದು. ಬೆಳೆಗಾರರು ಅದನ್ನು ಬಹುಕಾಲ ಹಿಮದ ಪೆಟ್ಟೆಂದರು, ವಿಜ್ಞಾನಿಗಳು ಸ್ಯೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾವನ್ನು ದೂರಿದರು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1970ರ ದಶಕದಲ್ಲಿ ನಡೆದ ಸಂಶೋಧನೆಗಳು, ಆ ಬ್ಯಾಕ್ಟೀರಿಯಾ ಎಲೆಯ ಮೇಲಿನ ನೀರು ಹೆಪ್ಪುಗಟ್ಟಲು ತಾನೇ ಬೀಜಬಿಂದುವಾಗುತ್ತದೆ, ಹಾಗಾಗಿ ಅದಿರುವ ಎಲೆಗೆ ಅಷ್ಟೇನೂ ಕಡುವಲ್ಲದ ಚಳಿಯಲ್ಲೂ ಹಿಮದ ಪೆಟ್ಟು ತಗಲುತ್ತದೆ ಎಂದು ತೋರಿಸಿದ ಮೇಲೆ ಇಬ್ಬರ ಮಾತಿನಲ್ಲೂ ಹುರುಳಿತ್ತೆಂದಾಯಿತು. ಎಲ್ಲಕ್ಕಿಂತ ಅಂಜಬೇಕಾದುದು ವರ್ಟಿಸಿಲಿಯಂ ಎಂಬ ಮಣ್ಣಿನ ಶಿಲೀಂಧ್ರದಿಂದ ಬರುವ ಸೊರಗುರೋಗ. ಅದರಲ್ಲಿ ಒಂದೇ ಕೊಂಬೆ, ಅನೇಕ ಬಾರಿ ಮರದ ಒಂದೇ ಪಕ್ಕ, ಸಣ್ಣ ಮಂಕು ಎಲೆ ಬಿಟ್ಟು ತಟ್ಟನೆ ಬಾಡುತ್ತದೆ, ಕೊಂಬೆಯನ್ನು ಅಡ್ಡ ಕೊಯ್ದರೆ ತೊಗಟೆಯೊಳಗಿನ ಮರದಲ್ಲಿ ಹಸಿರುಗಪ್ಪು ಗೀರುಗಳು ಕಾಣುವುದುಂಟು. ಆ ಗೀರು ಕಂಡ ಕೊಂಬೆಗೆ ಮದ್ದಿಲ್ಲ, ಕತ್ತರಿಯ ಅಲಗನ್ನು ಶುದ್ಧಮಾಡದೆ ಮುಂದಿನ ಮರಕ್ಕೆ ಹೋಗುವಂತೆಯೂ ಇಲ್ಲ.

ಈ ಎಲ್ಲ ಲಕ್ಷಣಗಳಿಗೂ ಮುಂಚೆ ಕೇಳಬೇಕಾದ ಪ್ರಶ್ನೆ ಮರದ ಹೆಸರು ಏನೆಂಬುದು. ಶಿಗಿತತ್ಸುಸವದ ಬಿಳಿಚು ಮರದ ತುಂಬ, ಪ್ರತಿ ಎಲೆಯಲ್ಲೂ, ಪ್ರತಿ ವಸಂತದಲ್ಲೂ ಇರುತ್ತದೆ. ಕಬ್ಬಿಣದ ಕೊರತೆಯ ಬಿಳಿಚು ಕೊಂಬೆಯ ತುದಿಯ ಎಳೆಯ ಎಲೆಯಿಂದ ಆರಂಭವಾಗಿ, ಹಳೆಯ ಎಲೆಗಳನ್ನು ಹಸಿರಾಗಿಯೇ ಬಿಡುತ್ತದೆ. ಹೆಸರಿನ ಚೀಟಿ ಕಳೆದುಹೋದ ಮರದಲ್ಲಿ ಈ ಓದು ಕಷ್ಟವಾಗುತ್ತದೆ. ಅಮೆರಿಕದ ಆರೆಗಾನ್‌ನ ಜೆ. ಡಿ. ವರ್ಟ್ರೀಸ್ 1978ರಲ್ಲಿ ಪ್ರಕಟಿಸಿದ ಜಪಾನಿ ಮೇಪಲ್‌ಗಳ ಗ್ರಂಥಕ್ಕೆ ಪಾಶ್ಚಾತ್ಯ ಬೆಳೆಗಾರರ ನಡುವೆ ಬಂದ ಮಾನ್ಯತೆಗೆ ಇದೂ ಒಂದು ಕಾರಣ. ಕೀಟಶಾಸ್ತ್ರದಲ್ಲಿ ಪಳಗಿದ ಆ ಲೇಖಕ ತನ್ನ ಪುಸ್ತಕದ ಬಹುಭಾಗವನ್ನು ರೋಗಗಳಿಗಲ್ಲ, ತಳಿಗಳ ಎಲೆಯ ವರ್ಣನೆಗೆ ಮೀಸಲಿಟ್ಟ. ಇತೊ ಇಹೆಇಯ ಪಟ್ಟಿಯ ಕೆಲಸವೇ ಅಲ್ಲಿ ಛಾಯಾಚಿತ್ರಗಳೊಂದಿಗೆ ಮುಂದುವರಿಯಿತು. ಅದಕ್ಕೆ ಎರಡು ವರ್ಷ ಮೊದಲು, 1976ರಲ್ಲಿ, ಅಮೆರಿಕದ ದ್ವಿಶತಮಾನೋತ್ಸವಕ್ಕೆ ಜಪಾನ್ ಕೊಟ್ಟ 53 ಕುಂಡಮರಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯವನವನ್ನು ಸೇರಿದ್ದವು. ರಾಜಕುಮಾರ ತಕಮತ್ಸು ಕೊಟ್ಟ ಮೂರು ಸೀಳಿನ ಎಲೆಯ ಮೇಪಲ್ ಕೂಡ ಅವುಗಳಲ್ಲಿತ್ತು. ಪ್ರದರ್ಶನಕ್ಕೆ ಇಡುವ ಮೊದಲು ಆ ಮರಗಳನ್ನು ಮೇರಿಲೆಂಡಿನ ಗ್ಲೆನ್ ಡೇಲ್ ಕ್ವಾರಂಟೈನ್ ಕೇಂದ್ರದಲ್ಲಿ ಒಂದು ವರ್ಷ ಇರಿಸಿಕೊಳ್ಳಲಾಗಿತ್ತು, ಹೀಗಾಗಿ ಅಮೆರಿಕದ ನೆಲದಲ್ಲಿ ಆ ಮೇಪಲ್ ಬಿಟ್ಟ ಮೊದಲ ಎಲೆಗಳನ್ನು ನೋಡಿದವರು ಪರೀಕ್ಷಕರೇ.